ಕೆಳಗಿನ ಊರಿನಲ್ಲಿ ಗುರುಬಾಯಿ ಅತ್ತೆ

ದೀಪಾವಳಿಗೆ ಮನೆ ತೊಳೆಯುವಾಗ ನನ್ನ ಹೆಂಡತಿ ಸುವರ್ಣಾ ಕಪಾಟಿನ ತಳದಿಂದ ಕಪ್ಪನೆಯ ವಸ್ತುವೊಂದನ್ನು ಎರಡೇ ಬೆರಳಲ್ಲಿ ಹಿಡಿದೆತ್ತಿ, ಸತ್ತ ಹಲ್ಲಿಯನ್ನು ತೋರಿಸುವಂತೆ ನನಗೆ ತೋರಿಸಿದಳು.

"ಇದನ್ನ ಬಿಸಾಕ್ಲೇನ್ರಿ? ಒಂದ್ ಗುಂಡಿ ಒಳಗ ಹೋಗ್ಯದ, ಮ್ಯಾಲ ಬರವಲ್ದು."

ಅದು ಕಂಪ್ಯೂಟರಿನಲ್ಲಿ ಆಟವಾಡುವವರು ಎರಡೂ ಕೈಯಲ್ಲಿ ಹಿಡಿದುಕೊಳ್ಳುವ ಸಾಧನ. ಕಂಟ್ರೋಲರ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ ‘ಹಿಡಿಕಿ’ ಎಂದೇ ಹೆಸರು. ಅದರ ಸಂದುಗೊಂದುಗಳಲ್ಲೆಲ್ಲ ಬೆಳ್ಳಗೆ ವಿಭೂತಿ ಕೂತಿತ್ತು. ಜಗತ್ತಿನಲ್ಲಿ ಈ ಸಾಧನವನ್ನು ಹಿಡಿದ ಕೈಗಳು ಕೋಟ್ಯಂತರ ಇರಬಹುದು. ಲಿಂಗಪೂಜೆ ಮುಗಿಸಿ, ಹಣೆಗೆ ಹಚ್ಚಿದ ಬೆರಳನ್ನು ಒರೆಸಿಕೊಳ್ಳದೆ ನೇರವಾಗಿ ಬಂದು ಹಿಡಿದ ಕೈ ಒಂದೇ ಇದ್ದೀತು. ಅದು ನಮ್ಮ ಗುರುಬಾಯಿ ಅತ್ತೆಯದು. "ಬಿಸಾಕಬ್ಯಾಡ" ಎಂದು ಅದನ್ನು ಇಸಿದುಕೊಂಡೆ. ಅಂದಿನ ನನ್ನ ಪಾಲಿನ ಕೆಲಸವೆಲ್ಲ ಅಲ್ಲಿಗೆ ನಿಂತಿತು.

ನನಗೆ ಕಾಮಣಿ, ಅಂದರೆ ಅರಿಶಿನ ಕಾಮಾಲೆಯಾಗಿ ಮಳೆಗಾಲವಿಡೀ ಮಲಗಿದ ವರ್ಷದ ಮಾತು. ಗಡಿಯಾಚೆ, ಮರಾಠಿ ಸೀಮೆಯ ನಿಲಂಗಾದ ಬಜಾರಿನಲ್ಲಿ ನಮ್ಮದು ಬಟ್ಟೆ ಅಂಗಡಿ. ನಾನು ಮಲಗಿದ ಮೇಲೆ ಗಲ್ಲೆಯ ಮೇಲೆ ಸುವರ್ಣಾ ಕೂತಳು. ಆ ಮಳೆಗಾಲ ವ್ಯಾಪಾರ ಎಂದಿಗಿಂತ ಚೆನ್ನಾಗಿ ಆಯಿತು. ಈ ಸಂಗತಿಯನ್ನು ನಾವು ಮನೆಯಲ್ಲಿ ಚರ್ಚಿಸುವುದಿಲ್ಲ. ನನ್ನ ಪಾಲಿಗೆ ಉಳಿದದ್ದು ಮಜ್ಜಿಗೆ ಅನ್ನ, ಕಬ್ಬಿನ ಹಾಲು ಮತ್ತು ಫ್ಯಾನು. ಅಂಥ ಒಂದು ಮಧ್ಯಾಹ್ನ ಗೆಳೆಯ ಮೈನುದ್ದೀನ್ ಉದಗೀರದಿಂದ ಬಸ್ಸಿನಲ್ಲಿ ಬಂದ. ಅಲ್ಲಿ ಕಾಲೇಜಿನಲ್ಲಿ ನಾವಿಬ್ಬರೂ ಕೂಡಿ ಓದಿದವರು. ಅಂವ ಈಗ ಅದೇ ಊರಿನಲ್ಲಿ ಕಂಪ್ಯೂಟರ್ ದುರಸ್ತಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಚೀಲದಿಂದ ಈ ಹಿಡಿಕಿಯ ಜೊತೆ ಹಳೆಯದೊಂದು ಲ್ಯಾಪ್‌ಟಾಪ್ ತೆಗೆದು ನನ್ನ ಹೊಟ್ಟೆಯ ಮೇಲಿಟ್ಟ.

"ಹಣ್ಣ್ ತರೋ ಬದ್ಲಿ ಇದ್ನ ತಂದೀನಿ. ಒಂದ್ ಆಟ ಹಾಕೀನಿ ಇದ್ರಾಗ. ದೊಡ್ಡ ಕಂಪನಿ ಮಾಡಿದ್ದಲ್ಲ ಇದು, ಮೂರ್ ನಾಕ್ ಮಂದಿ ದೋಸ್ತರು ಒಂದ್ ಖೋಲ್ಯಾಗ ಕುಂತು ಮಾಡ್ಯಾರ. ನೋಡು, ಬ್ಯಾಸರಾ ಹೋಗ್ತದ."

ಆಟಕ್ಕೆ ಉದ್ದನೆಯ ಇಂಗ್ಲಿಷ್ ಹೆಸರೊಂದಿತ್ತು. ಅದನ್ನು ನಮ್ಮಲ್ಲಿ ಯಾರೂ ಒಮ್ಮೆಯೂ ಪೂರ್ತಿ ಉಚ್ಚರಿಸಲಿಲ್ಲ. ಕಥೆ ಸರಳ. ಕೆರೆಯ ದಂಡೆಯಲ್ಲೊಂದು ಬರಿದಾದ ಹಳ್ಳಿ. ಅದರ ಕೆಳಗೆ, ನೆಲದೊಳಗೆ ಕುಸಿದುಹೋದ ದೊಡ್ಡದೊಂದು ಪಟ್ಟಣ. ಕೈಯಲ್ಲಿ ಕುಡಗೋಲು, ಸೊಂಟಕ್ಕೆ ಕಂದೀಲು ಕಟ್ಟಿಕೊಂಡ ಪುಟ್ಟ ಹುಡುಗಿಯನ್ನು ನಾವು ಆಡಿಸಬೇಕು. ಅವಳು ಗೋಡೆಯಿಂದ ಗೋಡೆಗೆ ಜಿಗಿಯುತ್ತ, ಅಡ್ಡ ಬಂದ ಹುಳ ಹುಪ್ಪಟೆ, ಕಾವಲುಗಾರರು, ಕಲ್ಲಿನ ಭೂತಗಳೊಂದಿಗೆ ಹೊಡೆದಾಡುತ್ತ, ಓಣಿ ಓಣಿ ಹುಡುಕಿಕೊಂಡು ಕೆಳಕ್ಕೆ ಹೋಗಬೇಕು. ಎಲ್ಲಕ್ಕಿಂತ ಕೆಳಗೆ ಒಬ್ಬ ರಾಜ ಮಲಗಿದ್ದಾನೆ, ಅವನನ್ನು ಸೋಲಿಸಬೇಕು. ದಾರಿಯಲ್ಲಿ ಅಲ್ಲಲ್ಲಿ ಬಾವಿಗಳು. ಸತ್ತರೆ ಕೊನೆಗೆ ನೀರು ಕುಡಿದ ಬಾವಿಯ ಕಟ್ಟೆಯ ಮೇಲೆ ಎದ್ದು ಕೂಡುತ್ತೇವೆ.

ಹೇಳುವುದಕ್ಕೆ ಇಷ್ಟೇ. ಆದರೆ ಆ ಪಟ್ಟಣವನ್ನು ನೀವು ನೋಡಬೇಕಿತ್ತು. ಒಂದೊಂದು ಬಾಗಿಲಿನ ಚೌಕಟ್ಟನ್ನೂ ಕೈಯಲ್ಲಿ ಬಿಡಿಸಿದ್ದರು. ಮಾಡದಲ್ಲಿ ದೀಪದ ಮಸಿ, ಗೂಟಕ್ಕೆ ಯಾರೋ ಮರೆತ ಟೊಪ್ಪಿಗೆ, ಹಾವಸೆ ಹಿಡಿದ ಮೆಟ್ಟಿಲು. ಕೆಳಗೆ ಇಳಿದಂತೆ ಸಂಗೀತದ ವಾದ್ಯಗಳು ಒಂದೊಂದಾಗಿ ಕಡಿಮೆಯಾಗುತ್ತ ಹೋಗಿ, ಕೊನೆಗೆ ನೀರು ತೊಟ್ಟಿಕ್ಕುವ ಸದ್ದಷ್ಟೇ ಉಳಿಯುತ್ತಿತ್ತು. ಮೂರು ನಾಲ್ಕು ಮಂದಿ ಒಂದು ಕೋಣೆಯಲ್ಲಿ ಕೂತು ಇಷ್ಟೆಲ್ಲ ಕಟ್ಟಿದರೇ ಎಂದು ಬೆರಗಾಗಿ ನಾನು ನಿಂತಲ್ಲೇ ನಿಂತಿರುತ್ತಿದ್ದೆ. ನಿಂತಲ್ಲೇ ಸಾಯುತ್ತಿದ್ದೆ.

ಆಟಗಳಲ್ಲಿ ನನ್ನ ಗತಿ ಮೊದಲಿನಿಂದಲೂ ಇಷ್ಟೆ. ಉಮರ್ಗಾದಲ್ಲಿ ನಮ್ಮ ಅಜ್ಜನ ಮನೆ, ಅಂದರೆ ತಾಯಿಯ ತವರು. ರಜೆಗೆ ಹೋದಾಗ ಹೈದರಾಬಾದ್ ರಸ್ತೆಯ ದಂಡೆಗೆ ತಗಡಿನ ಪತರಾ ಹಾಕಿದ ಗೂಡಂಗಡಿಯಲ್ಲಿ ನಾಣ್ಯ ಹಾಕಿ ಆಡುವ ಯಂತ್ರವೊಂದಿತ್ತು. ನಾನು ನಾಣ್ಯ ಹಾಕಿದೆನೆಂದರೆ ಸುತ್ತಲಿನ ಹುಡುಗರು ಚದುರುತ್ತಿರಲಿಲ್ಲ, ಇನ್ನೂ ಹತ್ತಿರ ಸರಿಯುತ್ತಿದ್ದರು. ನನ್ನ ಆಟ ಬೇಗ ಮುಗಿದು ಅವರ ಪಾಳಿ ಬರುತ್ತಿತ್ತು. ಮುಂದೆ ಮೀಟರು ಹಿಡಿದು ಬಟ್ಟೆ ಅಳೆಯುವ ಕೆಲಸಕ್ಕೆ ಬಿದ್ದ ಮೇಲಂತೂ ನನ್ನ ಹೆಬ್ಬೆರಳು ತಾನೊಂದು ಬೆರಳೆಂಬುದನ್ನೇ ಮರೆತಿತ್ತು.

ಗುರುಬಾಯಿ ಅತ್ತೆ ನನ್ನ ತಂದೆಯ ತಂಗಿ. ಉಮರ್ಗಾ ತಾಲೂಕಿನ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ನಮ್ಮ ಕಡೆಯ ದೊಡ್ಡ ಭೂಕಂಪದಲ್ಲಿ ಅವಳ ಗಂಡನೂ ಗಂಡನ ತಾಯಿಯೂ ಹೋದರು. ಮಕ್ಕಳಿರಲಿಲ್ಲ. ನಮ್ಮ ತಂದೆ ಕರೆಯಲು ಹೋದರೆ ಬರಲಿಲ್ಲ. ಸರ್ಕಾರ ಕಟ್ಟಿಕೊಟ್ಟ ಹೊಸ ಊರಿನ ಸಿಮೆಂಟು ಮನೆಯಲ್ಲಿ ಒಬ್ಬಳೇ ಇದ್ದುಕೊಂಡು ತೊಗರಿ, ಉದ್ದು, ಜೋಳ ಬೆಳೆದಳು. ಮೊಣಕಾಲು ಹಿಡಿದುಕೊಂಡ ಮೇಲಷ್ಟೇ ನಮ್ಮಲ್ಲಿಗೆ ಬಂದದ್ದು. ಬಂದರೂ ಹೊಲ ಬಿಟ್ಟಿಲ್ಲ. ಈಗಲೂ, ನಾನಿದನ್ನು ಬರೆಯುತ್ತಿರುವಾಗ, ಬಸ್ಸು ಹತ್ತಿ ಅಲ್ಲಿಗೇ ಹೋಗಿದ್ದಾಳೆ. ಭೂಕಂಪದ ಮಾತನ್ನು ಮಾತ್ರ ಅವಳು ನಮ್ಮೆದುರು ಎತ್ತಿದ್ದೇ ಇಲ್ಲ. ನಾವೂ ಕೇಳಿರಲಿಲ್ಲ.

ನಾನು ಮಲಗಿ ಆಡುತ್ತಿದ್ದರೆ ಅವಳು ಗೋಡೆಗೆ ಒರಗಿ ಕಾಲು ಚಾಚಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಬಾಯಿಬಿಟ್ಟಳು.

"ಬಸೂ, ಆ ಪೋರಿಗಿ ಎಷ್ಟ್ ಸಲ ಕೊಲ್ತಿಯೋ? ಪಾಪ ಅನಸಂಗಿಲ್ಲೇನು ನಿನಗ?"

"ಆ ಕಾವಲುಗಾರ ಹೊಡದು ಕೊಲ್ಲಾಕತ್ಯಾನಲ್ಲ ಅತ್ತಿ, ನಾ ಎಲ್ಲಿ?"

"ಅಂವಾ ಹೊಡಿಯೋಕಿಂತ ಮೊದ್ಲ ಹೆಗಲ ಮ್ಯಾಲ ಮಾಡ್ತಾನ. ಆವಾಗ ನೀ ಸರೀಬೇಕು. ನೀ ಆವಾಗ ಮುಂದ ಹೋಗಿ ನಿಂದರ್ತಿ, ಆರತಿ ತಗೊಳ್ಳೋರಂಗ."

ಹಿಡಿಕಿಯನ್ನು ಅವಳ ಕೈಗೆ ಕೊಟ್ಟೆ. ನಗೆಯಾಡುವುದಕ್ಕೆ ಕೊಟ್ಟದ್ದು. ಮೊದಲ ದಿನ ಹುಡುಗಿ ಗೋಡೆಗೆ ಮುಖ ಮಾಡಿ ಓಡಿದಳು, ಬಾವಿಯೊಳಗೆ ಹಾರಿದಳು. ಎರಡನೆಯ ದಿನ ನಡೆಯಲು ಕಲಿತಳು. ಮೂರನೆಯ ದಿನ ನಾನು ಎದ್ದು ಬರುವಷ್ಟರಲ್ಲಿ ಅತ್ತೆ ಪೂಜೆ ಮುಗಿಸಿ, ಲ್ಯಾಪ್‌ಟಾಪಿನ ಮುಂದೆ ಚಕ್ಕಳಬಕ್ಕಳ ಹಾಕಿ ಕೂತಿದ್ದಳು.

ಅವಳ ಕಾದಾಟ ನೋಡಲು ಸುವರ್ಣಾ ಅಂಗಡಿಯಿಂದ ಊಟಕ್ಕೆ ಸ್ವಲ್ಪ ಬೇಗನೇ ಬರತೊಡಗಿದಳು. ಅತ್ತೆಗೆ ಗಡಿಬಿಡಿ ಎಂಬುದಿರಲಿಲ್ಲ. ಕಳೆ ಕೀಳುವವಳಂತೆ ಒಂದು ಕಡೆಯಿಂದ ಬರುತ್ತಿದ್ದಳು. ಎದುರಿಗೆ ಬಂದವನನ್ನು ಮೊದಲು ಮಾತಾಡಿಸುತ್ತಿದ್ದಳು. "ಯೇ ಬಾಬಾ, ಯೇ" ಎಂದು ಮರಾಠಿಯಲ್ಲಿ ಕರೆದು, ಅಂವ ಬೀಸಿದ ಏಟಿನಿಂದ ಅರ್ಧ ಹೆಜ್ಜೆ ಸರಿದು, ಕುಡಗೋಲಿನಿಂದ ಎರಡೇ ಎರಡು ಕೊಟ್ಟು, ಮತ್ತೆ ಹಿಂದೆ. ಬಾವಲಿಗಳಿಗೆ ಕನ್ನಡದ ಬೈಗಳು, ಕಾವಲುಗಾರರಿಗೆ ಮರಾಠಿ. ಗದೆ ಹಿಡಿದ ದೊಡ್ಡ ಭೂತಗಳಿಗೆ ಮಾತ್ರ ನಿಜಾಮನ ಕಾಲದ ಉರ್ದು. ಅಂಥ ಬೈಗಳನ್ನು ನಮ್ಮಜ್ಜ ಸತ್ತ ಮೇಲೆ ನಾನು ಕೇಳಿರಲಿಲ್ಲ. ಜೀವ ಬಂದಷ್ಟು ಖುಷಿಯಾಯಿತು.

ಇನ್ನೊಂದು ಸೋಜಿಗ, ಅವಳು ನಕಾಶೆ ನೋಡುತ್ತಿರಲಿಲ್ಲ. ನಾನು ಎರಡು ತಿರುವಿಗೊಮ್ಮೆ ನಕಾಶೆ ತೆರೆಯುವವನು. ಅತ್ತೆ ನಡೆಯುತ್ತ ನಡೆಯುತ್ತ ಹೇಳಿಕೊಳ್ಳುತ್ತಿದ್ದಳು: "ಇದು ಅಡಗಿಮನಿ. ಇದ್ರ ಬೆನ್ನಿಗಿ ದನದ ಕೊಟ್ಟಿಗಿ ಇರಬೇಕು. ಹಂಗಾದ್ರ ಈ ಭಿಂತಿ ಹಿಂದ ಖೋಲಿ ಅದ, ಹೊಡಿ." ಹೊಡೆದರೆ ಗೋಡೆ ಕುಸಿದು ನಿಜಕ್ಕೂ ಅಲ್ಲೊಂದು ಗುಪ್ತ ಕೋಣೆ ಇರುತ್ತಿತ್ತು. ಆಗ ಅವಳು ಹೊಗಳುತ್ತಿದ್ದುದು ತನ್ನನ್ನಲ್ಲ, ಕಟ್ಟಿದವರನ್ನು. "ಶಾಣ್ಯಾರ ಇದ್ದಾರ ನೋಡು. ಮಂದಿ ಬಾಳ್ವಿ ಮಾಡೋ ಮನಿ ಹೆಂಗಿರ್ತದಂತ ತಿಳಕೊಂಡ ಕಟ್ಟ್ಯಾರ." ಆಟಕ್ಕೆ ‘ಕೆಳಗಿನ ಊರು’ ಎಂದು ಹೆಸರಿಟ್ಟವಳೂ ಅವಳೇ.

ಹೀಗೆ ಇಳಿಯುತ್ತ ಇಳಿಯುತ್ತ ಅವಳು ನನಗಿಂತ ಬಹಳ ಮುಂದೆ ಹೋದಳು. ನನ್ನ ಕಾಮಣಿ ಇಳಿಯಿತು. ನಾನು ಅಂಗಡಿಗೆ ಹೋಗತೊಡಗಿದೆ, ಮಧ್ಯಾಹ್ನ ಶಟರ್ ಎಳೆದು ಓಡಿ ಬರುತ್ತಿದ್ದೆ. ಅಂಥ ಒಂದು ಮಧ್ಯಾಹ್ನವೇ ಅದು ಆದದ್ದು. ಹುಡುಗಿ ಉದ್ದನೆಯ ಓಣಿಯೊಂದಕ್ಕೆ ಕಾಲಿಟ್ಟಳು. ಮೇಲಿನಿಂದ ಮಣ್ಣು ಉದುರಿತು. ಗೋಡೆಗಳು ಅಲುಗಿದವು. ಅದರ ಜೊತೆಗೇ ಅತ್ತೆಯ ಕೈಯಲ್ಲಿದ್ದ ಹಿಡಿಕಿಯೂ ಗಡಗಡ ನಡುಗಿತು. ಈ ಸಾಧನಗಳೊಳಗೆ ಪುಟ್ಟ ಮೋಟಾರು ಇರುತ್ತದೆ, ಪರದೆಯ ಮೇಲೆ ನೆಲ ನಡುಗಿದರೆ ಇದೂ ನಡುಗುತ್ತದೆ. ನನಗದು ಗೊತ್ತಿತ್ತು. ಅವಳಿಗೆ ಹೇಳಿರಲಿಲ್ಲ, ಅಲ್ಲಿಯವರೆಗೆ ಅಂಥ ಸಂದರ್ಭ ಬಂದೇ ಇರಲಿಲ್ಲ.

ಅತ್ತೆ ಹಿಡಿಕಿಯನ್ನು ಬಿಟ್ಟುಬಿಟ್ಟಳು. ಅದು ಫರಸಿಯ ಮೇಲೆ ಬಿದ್ದು ಅಲ್ಲೇ ಗುರ್ರೆನ್ನುತ್ತ ತಿರುಗಿತು. ಅವಳು ಎದ್ದು, ಮೊಣಕಾಲಿನ ನೋವನ್ನೂ ಮರೆತು, ಹೊಸ್ತಿಲು ದಾಟಿ ಅಂಗಳದ ನಡುವೆ ಆಕಾಶದ ಕೆಳಗೆ ಹೋಗಿ ನಿಂತಳು.

ನಮ್ಮ ಕಡೆಯ ಮಂದಿ ಹೀಗೆ ಓಡುವುದನ್ನು ನಾನು ನೋಡುತ್ತಲೇ ಬೆಳೆದವನು. ಭೂಕಂಪವಾದಾಗ ನಾನು ಸಣ್ಣವ. ನಿಲಂಗಾದಲ್ಲಿ ನಮ್ಮ ಮಣ್ಣಿನ ಮಾಳಿಗೆ ಬಿರುಕು ಬಿಟ್ಟಿತ್ತು, ಬಿದ್ದಿರಲಿಲ್ಲ. ಆದರೂ ತಿಂಗಳುಗಟ್ಟಲೆ ಅಂಗಳದಲ್ಲಿ ಪತರಾ ಶೆಡ್ಡು ಹಾಕಿಕೊಂಡಿದ್ದೆವು. ಮಳೆ ಬಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ದೂರದಲ್ಲಿ ಲಾರಿ ಹೋದರೂ ಅವ್ವ ನಮ್ಮ ರಟ್ಟೆ ಹಿಡಿಯುತ್ತಿದ್ದಳು. ನಾವು ಮಕ್ಕಳು ಅದನ್ನೂ ಆಟ ಮಾಡಿಕೊಂಡಿದ್ದೆವು. ಒಬ್ಬ ಹೊರಸು ಅಲುಗಿಸುವುದು, ಮೇಲೆ ಮಲಗಿದವರು "ಭೂಕಂಪ, ಭೂಕಂಪ" ಎಂದು ಕೂಗಿ ಹಾರಿ ಓಡುವುದು. ಕೊನೆಗೆ ಓಡಿದವನು ಸತ್ತಂತೆ. ಒಂದು ದಿನ ಅವ್ವ ಇದನ್ನು ನೋಡಿದಳು. ಹೊಡೆಯಬಹುದೆಂದುಕೊಂಡೆವು. ಹೊಡೆಯಲಿಲ್ಲ, ಹೊರಸಿನ ಮೇಲೆ ಕೂತು ಅತ್ತಳು. ಆಟ ಅಲ್ಲಿಗೆ ಬಂದ್ ಆಯಿತು.

ಅಂದಿನಿಂದ ಅತ್ತೆ ಲ್ಯಾಪ್‌ಟಾಪಿನ ಕಡೆ ಸುಳಿಯಲಿಲ್ಲ. ಅಂಗಳದಲ್ಲಿ ಕೂತು ಅವರೆಕಾಯಿ ಸುಲಿದಳು, ಹೊಲಕ್ಕೆ ಹೋಗಿ ಬಂದಳು. ಆಮೇಲೊಂದು ಬೆಳಿಗ್ಗೆ ಪೂಜೆ ಮುಗಿಸಿ ಬಂದು, ತಾನಾಗಿಯೇ ಕೂತಳು.

"ಅತ್ತಿ, ಆ ನಡಗೋದು ಬಂದ್ ಮಾಡ್ಲಾಕ ಬರ್ತದ. ಒಂದ್ ಗುಂಡಿ ಒತ್ತಿದ್ರ ಮುಗೀತು," ಎಂದೆ.

"ಬ್ಯಾಡ, ಇರ್ಲಿ." ಹಿಡಿಕಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಮ್ಯಾಲಿನ ಛತ್ತ ಬೀಳೋಕಿಂತ ಮೊದ್ಲ ನಡಗ್ತದಲ್ಲ ಇದು? ಜರಾ ಮೊದ್ಲ?"

"ಹೌದು. ಓಡ್ಲಾಕ ಟೈಮ್ ಇರ್ಲಿ ಅಂತ."

"ಭಲೇ ಮಂದಿ," ಎಂದಳು ಅತ್ತೆ. "ಹೇಳಿ ಬೀಳಸ್ತಾರ."

ಅಂದು ಆ ಓಣಿಯಲ್ಲಿ ಅವಳು ಅದೆಷ್ಟು ಸಲ ಸತ್ತಳೋ. ಹಿಡಿಕಿ ನಡುಗಿದಾಗಲೆಲ್ಲ ಅವಳ ಮುಖದ ಬಣ್ಣ ಹೋಗುತ್ತಿತ್ತು, ಕೈ ಬಿಡುತ್ತಿರಲಿಲ್ಲ. ಸುವರ್ಣಾ ಹಿಂದೆ ಕೂತು ಅವಳ ಬೆನ್ನಿಗೆ ಅಂಗೈ ಆನಿಸಿಕೊಂಡಿದ್ದಳು. ಹುಡುಗಿ ಓಣಿ ದಾಟಿ ಬಾವಿಯ ನೀರು ಕುಡಿದಾಗ ಅತ್ತೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ಚಹಾ ಮಾಡು ಸುವರ್ಣಾ, ಸಕ್ರಿ ಜಾಸ್ತಿ ಹಾಕು," ಎಂದಳು. ಎಷ್ಟೋ ಮಂದಿ ಎಷ್ಟೋ ಗೆದ್ದದ್ದನ್ನು ನೋಡಿದ್ದೇನೆ. ಆ ಚಹಾದಷ್ಟು ಮರ್ಯಾದೆಯಿಂದ ಕುಡಿದ ಚಹಾ ಇನ್ನೊಂದಿಲ್ಲ.

ಆ ಬಾವಿಯ ಹತ್ತಿರವೇ ಒಂದು ಸದ್ದು ಕೇಳಿಸುತ್ತಿತ್ತು. ಎಲ್ಲೋ ಕೆಳಗಿನಿಂದ, ನೆಲದೊಳಗಿನಿಂದ, ಎರಡೇ ಸ್ವರದ ಕೂಗು. ನಿಂತು ಕೇಳಿದರೆ ಪರದೆಯ ಮೇಲೆ ಅಕ್ಷರ ಮೂಡುತ್ತಿದ್ದವು. ನಾನು ಓದಿ ಹೇಳಿದೆ: "ನನ್ನ ದೀಪ ಆರಿದೆ, ಮೇಲೆ ಯಾರಿದ್ದೀರಿ?" ಮೈನುದ್ದೀನನಿಗೆ ಫೋನು ಹಚ್ಚಿ ಕೇಳಿದೆ. ಅಂವ ಆಟವನ್ನು ಮೊದಲೇ ಮುಗಿಸಿದವನು.

"ಅದು ಒಬ್ಬಾಕಿ ಮುದುಕಿ," ಎಂದ. "ಬಿಡಸ್ಲಾಕ ಭಾಳ ಸುತ್ತಿ ಹೋಗಬೇಕು, ದಾರಿ ತುಂಬ ಛತ್ತ ಬೀಳ್ತಾವು. ಬಿಡಸಿದ್ರೂ ಏನೂ ಸಿಗಂಗಿಲ್ಲ. ಹತ್ಯಾರ ಇಲ್ಲ, ಶಕ್ತಿ ಇಲ್ಲ. ಯಾರೂ ಹೋಗಂಗಿಲ್ಲ ಅಲ್ಲಿ. ಚಾಚಿಗಿ ಹೇಳು, ಸೀದಾ ಎಡಕ್ಕ ಹೋಗ್ಲಿ."

ಹೇಳಿದೆ. ಅತ್ತೆ ಬಲಕ್ಕೆ ತಿರುಗಿದಳು.

"ಅತ್ತಿ, ಏನೂ ಸಿಗಂಗಿಲ್ಲಂತ ಅಲ್ಲಿ."

"ಸಿಗದಿದ್ರ ಬಿಡ್ಲಿ. ಕೂಗಲಾಕತ್ಯಾಳಲ್ಲ."

ಆ ಮುದುಕಿಯ ದಾರಿ ಅತ್ತೆಯ ಬಹಳ ದಿನಗಳನ್ನು ತಿಂದಿತು. ಮೊಳೆಗಳ ಮೇಲಿಂದ ಹಾರಬೇಕು, ನೀರಿನೊಳಗೆ ಉಸಿರು ಕಟ್ಟಬೇಕು, ಜರಿಹುಳದಂಥ ಒಂದು ದೈತ್ಯನನ್ನು ಇಕ್ಕಟ್ಟಿನಲ್ಲಿ ಎದುರಿಸಬೇಕು. ಅದರ ಮೇಲೆ ನಡುಕ ಬೇರೆ. ಕೊನೆಗೊಂದು ದಿನ ಹುಡುಗಿ ಕುಡಗೋಲಿನಿಂದ ಕೊನೆಯ ತೊಲೆಯನ್ನು ಕಡಿದಳು. ಧೂಳು ಎದ್ದಿತು. ಒಳಗಿನಿಂದ ಬಾಗಿದ ಬೆನ್ನಿನ ಪುಟ್ಟ ಮುದುಕಿಯೊಬ್ಬಳು ಬಂದು, ಹುಡುಗಿಯ ಕಂದೀಲಿನಿಂದ ತನ್ನ ದೀಪ ಹೊತ್ತಿಸಿಕೊಂಡು, ಮೇಲಕ್ಕೆ ನಡೆದು ಹೋದಳು. ಅಷ್ಟೆ. ಮೈನುದ್ದೀನ್ ಹೇಳಿದಂತೆ ಏನೂ ಸಿಗಲಿಲ್ಲ.

ಅತ್ತೆ ಹಿಡಿಕಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಪರದೆಯ ಕಡೆಗೇ ನೋಡುತ್ತ, ಯಾರೂ ಕೇಳದೆ ಹೇಳತೊಡಗಿದಳು.

"ಕೆಳಗಿದ್ದೋರಿಗೆ ಮ್ಯಾಲ ಹೆಜ್ಜಿ ಸಪ್ಪಳ ಕೇಳ್ತಾವು, ಬಸೂ. ಬರೋದೂ ಕೇಳ್ತದ, ಹೋಗೋದೂ ಕೇಳ್ತದ."

ಸುವರ್ಣಾ ಅವಳ ಹತ್ತಿರಕ್ಕೆ ಸರಿದು ಕೂತಳು.

"ಆ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ವಿ. ತೊಲಿ ನನ್ನ ಮ್ಯಾಲ ಅಡ್ಡಾ ಬಿದ್ದು ಜರಾ ಜಾಗಾ ಮಾಡಿತ್ತು. ನಿಮ್ಮ ಮಾಮಾ ಮೊದ್ಲ ಮಾತಾಡ್ಲಾಕತ್ತಿದ್ರು, ಆಮ್ಯಾಲ ಬಿಟ್ರು. ಸಂದ್ಯಾಗಿಂದ ಬೆಳಕ ಕಾಣಸ್ತು, ಹೊತ್ತ ಹೊಂಟದಂತ ತಿಳಿತು. ನಾ ಕೂಗದೆ. ಮಂದಿ ಓಡಾಡ್ಲಾಕತ್ತಿದ್ರು. ಚಪ್ಪಲ ಹಾಕ್ಕೊಂಡೋರು, ಬರಿಗಾಲಿನೋರು, ಬೂಟಿನೋರು. ಅವರದೇನ್ ತಪ್ಪು? ಎಲ್ಲಾ ಕಡಿಂದ ಕೂಗು ಇತ್ತು, ಎಷ್ಟ್ ಮಂದಿಗಿ ಅಂತ ಕೇಳ್ತಾರ? ಗಂಟಲು ಒಣಗಿ ನನ್ನ ಆವಾಜ ನನಗಽ ಕೇಳಲಾರದಂಗಾತು. ಆಗ ಒಬ್ಬಾಕಿ ನಿಂತಳು. ಬಳಿ ಸಪ್ಪಳಾತು. ಮರಾಠಿ ಹೆಣಮಗಳು. ‘ಬಾಯಿ, ಮೀ ಆಹೆ’ ಅಂದಳು. ನಾ ಇದ್ದೀನಿ ಅಂತ."

"ತೆಗದಳೇನ್ರಿ ನಿಮಗ?" ಎಂದಳು ಸುವರ್ಣಾ.

"ಒಬ್ಬಾಕಿಗಿ ಹೆಂಗ ಆಗ್ತದವ್ವ? ಅಷ್ಟ್ ದೊಡ್ಡ ಕಲ್ಲು. ಕೈಲೆ ಮಣ್ಣ ಸರಸಿ ಒಂದ್ ತೂತ ಮಾಡಿದ್ಳು, ಗಾಳಿ ಬರಲಿ ಅಂತ. ಮಂದಿಗಿ ಒದರಿ ಕರೀತಾ ಅಲ್ಲೇ ಕುಂತಳು. ನನಗ ಮಾತಾಡಸ್ಲಾಕತ್ತಳು. ಹೊಲದಾಗ ಏನ್ ಬಿತ್ತೀರಿ ಅಂದಳು. ತೊಗರಿ ಹೂ ಬಿಟ್ಟದೇನು ಅಂದಳು. ನಾ ಉತ್ರಾ ಕೊಡದಿದ್ರ ಸಿಟ್ಟಿಗೇಳ್ತಿದ್ಳು, ಉದ್ದಿನ ರಾಶಿ ಯಾವಾಗ ಮಾಡಿದ್ರಿ ಹೇಳ್ರಿ ಅಂತ. ನಾ ತೊಗರಿ ನೆನಸಿ ನೆನಸಿ ಎಚ್ಚರ ಇದ್ದೆ. ಹಾರಿಕೋಲು ತಗೊಂಡು ಗಂಡಸರು ಬಂದು ತೆಗಿಯೋತನಾ ಆಕಿ ಎದ್ದಿಲ್ಲ. ನನ್ನ ಕಣ್ಣಾಗ ಮಣ್ಣು. ತೊಳಕೊಂಡು ನೋಡದಾಗ ಆಕಿ ಇಲ್ಲ. ಆಕಿನೂ ಯಾರನ್ನೋ ಹುಡಕ್ಲಾಕ ಬಂದಾಕಿ ಅಂತ ಆಮ್ಯಾಲ ಹೇಳಿದ್ರು. ತನ್ನೋರಿಗೆ ಬಿಟ್ಟು ಅಷ್ಟ್ ಹೊತ್ತು ನನ್ನ ಬಲ್ಲಿ ಕುಂತಿದ್ಳು."

"ಮಾರಿ ನೋಡಿಲ್ಲೇನು ಅತ್ತಿ?"

"ಇಲ್ಲ. ಆಮ್ಯಾಲ ಎಷ್ಟ್ ಸಂತಿ ತಿರಗೀನಿ, ಎಷ್ಟ್ ಮಂದಿ ಹೆಣಮಕ್ಕಳ ಸಂಗಾಟ ಬೇಕಂತ ಮಾತಾಡೀನಿ, ಆವಾಜ ಗುರ್ತ ಹತ್ತಬಹುದು ಅಂತ. ಹತ್ತಿಲ್ಲ."

ಹೇಳಿ ಮುಗಿಸಿ, ಹುಡುಗಿಯನ್ನು ಎಬ್ಬಿಸಿ ಅತ್ತೆ ಮುಂದೆ ನಡೆದಳು. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಉಂಡವರು ನಾವು. ಅವಳು ಹೇಳಲೆಂದು ನಾವು ಕಾದಿದ್ದೆವೋ, ನಾವು ಕೇಳಲೆಂದು ಅವಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಅಲ್ಲಿಂದಾಚೆ ಅತ್ತೆಯ ಆಟವೇ ಬೇರೆಯಾಯಿತು. ಆ ಮುದುಕಿಯಂತೆ ಇನ್ನೂ ಕೆಲವರು ಅಲ್ಲಲ್ಲಿ ಸಿಕ್ಕಿಕೊಂಡಿದ್ದರು: ಒಬ್ಬ ಕುಂಬಾರ, ಅಕ್ಕ ತಂಗಿಯರು, ಕೊಳಲು ಮರೆತ ಕುರುಬ. ಒಬ್ಬೊಬ್ಬರನ್ನೇ ಹುಡುಕಿ ತೆಗೆದಳು. ಅವರೆಲ್ಲ ಮೇಲೆ ಹೋಗಿ ಕೆರೆಯ ದಂಡೆಯ ಆ ಬರಿದಾದ ಹಳ್ಳಿಯಲ್ಲಿ ಒಲೆ ಹೂಡಿದರು. ಒಂದೊಂದೇ ಮನೆಯಿಂದ ಹೊಗೆ ಏಳತೊಡಗಿತು. ಕೊನೆಗೆ ಉಳಿದವನು ಎಲ್ಲಕ್ಕಿಂತ ಕೆಳಗಿನ ರಾಜ ಒಬ್ಬನೇ. ಆ ಕಾದಾಟ ನೋಡಲೆಂದೇ ಮೈನುದ್ದೀನ್ ಉದಗೀರದಿಂದ ಬಂದ. ಸುವರ್ಣಾ ಚುರುಮುರಿ ಕಲಸಿಟ್ಟಳು. ನಾನು ಅಂಗಡಿ ತೆರೆಯಲೇ ಇಲ್ಲ.

ಹುಡುಗಿ ರಾಜನ ಬಾಗಿಲ ಮುಂದೆ ನಿಂತಳು. ಆಳೆತ್ತರದ ಕಂಚಿನ ಬಾಗಿಲು, ಎರಡೂ ಕಡೆ ಉರಿಯುವ ಪಂಜು.

"ಮೈನು," ಎಂದಳು ಅತ್ತೆ, "ಇದ್ರ ಒಳಗ ಯಾರಾರ ಸಿಕ್ಕೊಂಡಾರೇನು?"

"ಇಲ್ಲ ಚಾಚಿ. ರಾಜಾ ಒಬ್ಬನೇ. ಮಲಗ್ಯಾನ. ನೀವ್ ಹೋಗಿ ಎಬ್ಬಿಸಿದ್ರ ಏಳ್ತಾನ, ಆಮ್ಯಾಲ ಜಂಗ್."

"ಮಲಗ್ದಾಂವ ಮಲಗ್ಲಿ ಬಿಡು. ನಮ್ಮೋರೆಲ್ಲಾ ಮ್ಯಾಲ ಬಂದಾರ, ಇನ್ನ ಕೆಳಗ ನನಗೇನ್ ಕೆಲಸ?"

ನಾವು ಬಾಯಿ ತೆರೆಯುವಷ್ಟರಲ್ಲಿ ಅವಳು ಹುಡುಗಿಯನ್ನು ಹಿಂದಕ್ಕೆ ತಿರುಗಿಸಿದ್ದಳು. ಮೆಟ್ಟಿಲು ಮೆಟ್ಟಿಲು ಹತ್ತಿಸಿ, ಓಣಿ ಓಣಿ ದಾಟಿಸಿ, ಇಡೀ ಪಟ್ಟಣದ ಉದ್ದಕ್ಕೂ ನಡೆಸಿಕೊಂಡು ಮೇಲಕ್ಕೆ ತಂದಳು. ಬಹಳ ಹೊತ್ತು ಹಿಡಿಯಿತು. ನಾವು ಮೂವರೂ ಚುರುಮುರಿ ಮುಟ್ಟದೆ ನೋಡಿದೆವು. ಹಳ್ಳಿಯ ಬಾವಿಕಟ್ಟೆಯ ಮೇಲೆ, ಆ ಮುದುಕಿಯ ಪಕ್ಕದಲ್ಲಿ ಹುಡುಗಿಯನ್ನು ಕೂಡಿಸಿ, ಅತ್ತೆ ಹಿಡಿಕಿಯನ್ನು ಕೆಳಗಿಟ್ಟಳು. ಮೊಣಕಾಲು ಹಿಡಿದು ಎದ್ದಳು.

"ಚಾಚಿ, ಖೇಲ್ ಅಧೂರಾ ರಹ್ ಗಯಾ," ಎಂದ ಮೈನುದ್ದೀನ್, ಅಳುವ ಧ್ವನಿಯಲ್ಲಿ. ಆಟ ಅರ್ಧಕ್ಕೇ ಉಳಿಯಿತೆಂಬ ಸಂಕಟ ಅವನದು.

"ಪೂರಾ ಆಗ್ಯದಲ್ಲೋ, ನೋಡು ಅಲ್ಲಿ," ಎಂದು ಅತ್ತೆ ಅಂಗಳಕ್ಕೆ ಒಣಹಾಕಿದ ಬಟ್ಟೆ ತೆಗೆಯಲು ಹೋದಳು.

ನೋಡಿದೆವು. ಹಳ್ಳಿಯಲ್ಲಿ ಸಂಜೆಯಾಗುತ್ತಿತ್ತು. ಕುಂಬಾರ ಮಣ್ಣು ತುಳಿಯುತ್ತಿದ್ದ, ಅಕ್ಕ ತಂಗಿಯರು ನೀರು ಸೇದುತ್ತಿದ್ದರು, ಹುಡುಗಿ ಕಟ್ಟೆಯ ಮೇಲೆ ಕಾಲು ತೂಗುತ್ತ ಕೂತಿದ್ದಳು. ಲ್ಯಾಪ್‌ಟಾಪ್ ಮುಚ್ಚಲು ಯಾರಿಗೂ ಕೈ ಬರಲಿಲ್ಲ. ಬ್ಯಾಟರಿ ತಾನಾಗಿ ತೀರುವವರೆಗೆ ಹಾಗೇ ಬಿಟ್ಟೆವು.